ಒಟಿಪಿ ಯಾರ ಮೊಬೈಲ್‌ಗೆ ಬರುತ್ತೆ? ಆರು ವರ್ಷ, ಇಬ್ರು ಆಡಿಟರ್

ನಾನು ಮೈಸೂರಲ್ಲಿ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್. ವರ್ಷದ ಬಿಲ್ಲಿಂಗು 20 ಲಕ್ಷ ದಾಟಿದ್ಮೇಲೆ ಜಿಎಸ್‌ಟಿ ತಗೊಳ್ಳಲೇಬೇಕಾಯ್ತು, ವೈರ್ ಅಂಗಡಿಯವ್ರು ತೋರಿಸಿದ ಆಡಿಟರ್ ಹತ್ರ ಹೋದೆ. ಅವ್ರು ಸಿಎ ಅಲ್ಲ, ಟ್ಯಾಕ್ಸ್ ಪ್ರಾಕ್ಟೀಷನರ್. ಆದ್ರೆ ನಮ್ಮ ಕಡೆ ರಿಟರ್ನ್ ಹಾಕೋರೆಲ್ಲ ಆಡಿಟರೇ ಬಿಡಿ. ತಿಂಗಳಿಗೆ 500 ರೂಪಾಯಿ. ಬಿಲ್‌ಗಳನ್ನ ಬಟ್ಟೆ ಅಂಗಡಿ ಕವರ್‌ಗೆ ತುರುಕಿ ಅವ್ರ ಟೇಬಲ್ ಮೇಲಿಟ್ಟು ಬಂದ್ರೆ ಆಯ್ತು. ನಾಲ್ಕು ವರ್ಷ ನಾನೂ ಏನೂ ಕೇಳ್ಲಿಲ್ಲ, ಅವ್ರೂ ಏನೂ ಹೇಳ್ಲಿಲ್ಲ.

ಒಂದಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಿಂದ ಫೋನು, "ನಿಮ್ಮ ಎರಡು ತಿಂಗಳ ಬಿಲ್ ನಮ್ಮ 2ಬಿಯಲ್ಲಿ ಬಂದಿಲ್ಲ, ಬರೋವರ್ಗೂ ಪೇಮೆಂಟ್ ಇಲ್ಲ" ಅಂತ. 2ಬಿ ಅಂದ್ರೆ ಮಾರಿದವ್ರು ರಿಟರ್ನ್‌ನಲ್ಲಿ ತೋರಿಸಿದ ಬಿಲ್‌ಗಳ ಪಟ್ಟಿ, ಕೊಂಡವ್ರಿಗೆ ಪೋರ್ಟಲ್‌ನಲ್ಲಿ ಬರುತ್ತೆ. ಆಡಿಟರ್‌ಗೆ ಹಚ್ಚಿದ್ರೆ ರಿಂಗ್ ಆಗುತ್ತೆ, ಎತ್ತಲ್ಲ. ಸರಿ ನಾನೇ ನೋಡೋಣ ಅಂತ ಪೋರ್ಟಲ್ ತೆಗೆದ್ರೆ ಯೂಸರ್‌ನೇಮೂ ಗೊತ್ತಿಲ್ಲ ಪಾಸ್‌ವರ್ಡೂ ಗೊತ್ತಿಲ್ಲ, ರಿಜಿಸ್ಟ್ರೇಷನ್‌ನಲ್ಲಿ ಮೊಬೈಲು ಈಮೇಲು ಎರಡೂ ಅವ್ರದ್ದೇ ಹಾಕ್ಕೊಂಡಿದಾರೆ, ಹಾಗಾಗಿ ಒಟಿಪಿನೂ ಅವ್ರಿಗೇ, ರಿಟರ್ನ್ ಹಾಕಿಲ್ಲ ಅಂತ ಬಂದ ನೋಟಿಸೂ ಅವ್ರಿಗೇ. ಅಂಗಡಿ ನಂದು, ಬೀಗದ ಕೈ ಇನ್ನೊಬ್ರ ಜೇಬಲ್ಲಿ! ಲೇಟ್ ಫೀ ದಿನಕ್ಕೆ 50 ರೂಪಾಯಿ, ಕಟ್ಟದೇ ಇದ್ದ ಟ್ಯಾಕ್ಸ್‌ಗೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ ಬೇರೆ, ಅದು ಮಾತ್ರ ನಂಗೆ.

ಅಂದಹಾಗೆ ಲಾಗಿನ್ ಇಲ್ದಿದ್ರೂ ಜಿಎಸ್‌ಟಿ ಪೋರ್ಟಲ್‌ನಲ್ಲಿ ಸರ್ಚ್ ಟ್ಯಾಕ್ಸ್‌ಪೇಯರ್ ಅಂತ ಇದೆ, ಅಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿದ್ರೆ ಯಾವ ತಿಂಗಳ ರಿಟರ್ನ್ ಯಾವತ್ತು ಹಾಕಿದಾರೆ ಅಂತ ಕಾಣುತ್ತೆ. ನಾಲ್ಕು ವರ್ಷ ಇದೂ ಗೊತ್ತಿರ್ಲಿಲ್ಲ ನಂಗೆ.

ಚೆನ್ನಾಗಿ ಉಗಿಬೇಕು ಅಂತ್ಲೇ ಆಡಿಟರ್ ಆಫೀಸಿಗೆ ಹೋದೆ. ನೋಡಿದ್ರೆ ಅವ್ರ ಮನೆಯವ್ರು ಆಸ್ಪತ್ರೇಲಿ, ಕೆಲಸದ ಹುಡುಗ ಬಿಟ್ಟು ಹೋಗಿದಾನೆ, ಪಾಪ ಯಜಮಾನ್ರು ಒಬ್ರೇ ಕವರ್‌ಗಳ ಮಧ್ಯೆ ಕೂತಿದಾರೆ. ಬಾಯಿಗೆ ಬಂದಿದ್ದು ನುಂಗ್ಕೊಂಡೆ. ಆಗಿನ ಇನ್‌ಕಮ್ ಟ್ಯಾಕ್ಸ್ ಕಾನೂನಲ್ಲಿ 44ಎಡಿ ಅಂತ ಒಂದು ಸೆಕ್ಷನ್, ಬ್ಯಾಂಕಿಗೆ ಬಂದಿದ್ರಲ್ಲಿ 6, ಕ್ಯಾಶಲ್ಲಿ 8 ಪರ್ಸೆಂಟ್ ಲಾಭ ತೋರಿಸಿದ್ರೆ ಲೆಕ್ಕದ ಪುಸ್ತಕ ಇಡೋ ಗೋಜಿಲ್ಲ ಅಂತ ಹೇಳ್ಕೊಟ್ಟಿದ್ದು ಅವ್ರೇ. ಪಾರ್ಟಿಗಳು ಪೇಮೆಂಟಲ್ಲೇ ಟ್ಯಾಕ್ಸ್ ಅಂತ ಹಿಡ್ಕೊಂಡ 1 ಪರ್ಸೆಂಟ್ ಟಿಡಿಎಸ್ಸನ್ನ ಪ್ರತಿ ವರ್ಷ ವಾಪಸ್ ತರಿಸಿಕೊಟ್ಟಿದ್ದೂ ಅವ್ರೇ. ಆದ್ರೂ ಅಲ್ಲಿ ಉಳಿಯೋಕೆ ಧೈರ್ಯ ಬರ್ಲಿಲ್ಲ.

ಈಗ ಎರಡು ವರ್ಷದಿಂದ ಒಬ್ರು ಸಿಎ ಮೇಡಂ. ತಿಂಗಳಿಗೆ 1500, ಐಟಿ ರಿಟರ್ನ್‌ಗೆ ಬೇರೆ. ಮೊದಲ ದಿನ ನಾನು ಕೇಳಿದ್ದು ಫೀಸಲ್ಲ, ಒಟಿಪಿ ಯಾರಿಗೆ ಬರುತ್ತೆ ಅಂತ. ನಕ್ಬಿಟ್ರು. ಹಳೇ ಲಾಗಿನ್ ಬಿಡಿಸೋಕೆ ನಮ್ಮ ಜಿಎಸ್‌ಟಿ ಆಫೀಸಿಗೆ ದಾಖಲೆ ಸಮೇತ ಅರ್ಜಿ ಕೊಡಿಸಿದ್ರು, ಅಲ್ಲಿನ ಅಧಿಕಾರಿನೇ ಮೊಬೈಲು ಈಮೇಲು ಬದಲಾಯಿಸಬಹುದಂತೆ, ಬದಲಾಯಿಸಿದ್ರು.

ಈಗ ಪ್ರತಿ ತಿಂಗಳು 5ನೇ ತಾರೀಕು ರಾತ್ರಿ ಊಟ ಆದ್ಮೇಲೆ ಹಾಲ್‌ನಲ್ಲಿ ಬಿಲ್ ಹರಡ್ಕೊಂಡು ಕೂರ್ತೀನಿ, ಮಗಳು ನಂಬರ್ ಓದ್ತಾಳೆ, ನಾನು ಫೋಟೋ ಹೊಡೆದು ವಾಟ್ಸಾಪ್ ಮಾಡ್ತೀನಿ, ಫ್ಯಾನ್ ಹಾಕೋ ಹಾಗಿಲ್ಲ. 14ನೇ ತಾರೀಕು 2ಬಿ ಬರುತ್ತೆ, ಮಾರನೇ ದಿನ ಮೇಡಂ ಮೆಸೇಜು, "ಈ ಅಂಗಡಿ ಬಿಲ್ ಬಂದಿಲ್ಲ". ಹೋದ್ಸಲ 40,000ದ ವೈರ್ ಬಿಲ್, ಅಂದ್ರೆ 7,200 ರೂಪಾಯಿ ಇನ್‌ಪುಟ್, ನಾನು ಕೊಳ್ಳುವಾಗ ಕೊಟ್ಟ ಜಿಎಸ್‌ಟಿ, ನಾನು ಕಟ್ಟೋ ಟ್ಯಾಕ್ಸಲ್ಲಿ ಕಳೆಯೋದು. ಅಂಗಡಿ ಮುಂದೆ ಹೋಗಿ ನಿಂತೆ, ಆ ಫ್ಯಾಕ್ಟರಿಯವ್ರು ನಂಗೆ ಹೇಳಿದ್ದ ಡೈಲಾಗನ್ನೇ ಹೊಡೆದೆ. ಖುಷಿಯಾಯ್ತಪ್ಪ.

ತಕರಾರು ಇಲ್ವಾ ಅಂದ್ರೆ ಇದೆ. ಸಂಜೆ ಆರರ ಮೇಲೆ ಇವ್ರೂ ಫೋನ್ ಎತ್ತಲ್ಲ. ನಾನು ಸೈಟ್‌ನಿಂದ ಬರೋದೇ ಏಳಕ್ಕೆ.