ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳುವ ಟ್ಯೂನ್‌ಎಫ್‌ಎಸ್

ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ, ಡಿಸ್ಕಿನ ಮೇಲೆ ಫೈಲುಗಳನ್ನು ಜೋಡಿಸಿಡುವ ಯುಎಫ್‌ಎಸ್ ಫೈಲ್ ಸಿಸ್ಟಂನ ಗುಣಗಳನ್ನು, ಮತ್ತೆ ಫಾರ್ಮ್ಯಾಟ್ ಮಾಡುವ ಗೋಜಿಲ್ಲದೆ, ಬದಲಿಸಿಕೊಡುವ ಟ್ಯೂನ್‌ಎಫ್‌ಎಸ್ (tunefs) ಎಂಬ ಆದೇಶ ತನ್ನ ಕೆಲಸವನ್ನು ಕ್ಷಣಾರ್ಧದಲ್ಲಿ ಮುಗಿಸುತ್ತದೆ. ಆ ವಿಷಯದಲ್ಲಿ ನನ್ನ ತಕರಾರಿಲ್ಲ. ತಕರಾರಿರುವುದು ಅದು ಮಾತನಾಡುವ ರೀತಿಯ ಬಗ್ಗೆ. ಮಾಹಿತಿ, ಸಲಹೆ, ವೈಫಲ್ಯ ಮೂರನ್ನೂ ಅದು ತನ್ನ ಹೆಸರನ್ನು ಮುಂದಿಟ್ಟುಕೊಂಡು ಒಂದೇ ಬಗೆಯ ಸಾಲಿನಲ್ಲಿ ಹೇಳುವುದರಿಂದ, ಯಾವುದಕ್ಕೆ ಬೆಚ್ಚಬೇಕು, ಯಾವುದನ್ನು ಓದಿ ಬಿಡಬೇಕು ಎಂಬುದನ್ನು ಬಳಸುವವರೇ ಅರಿತುಕೊಳ್ಳಬೇಕಾಗುತ್ತದೆ.

ಯುಎಫ್‌ಎಸ್ ಸಾಮಾನ್ಯ ಬಳಕೆದಾರರ ಕೈಗೆ ಸಿಗದಂತೆ 8% ಜಾಗವನ್ನು ಕಾದಿಟ್ಟಿರುತ್ತದೆ. ದೊಡ್ಡ ಡಿಸ್ಕಿನಲ್ಲಿ ಇಷ್ಟು ಜಾಗ ದಂಡವೆನಿಸಿ ಎಂ (-m) ಆಯ್ಕೆಯಿಂದ ಅದನ್ನು 5ಕ್ಕೆ ಇಳಿಸಿದರೆ, ಬದಲಾವಣೆಯನ್ನು ತಿಳಿಸುವ ಸಾಲಿನ ಬೆನ್ನಿಗೇ ‘ಶುಡ್ ಆಪ್ಟಿಮೈಸ್ ಫಾರ್ ಸ್ಪೇಸ್ ವಿತ್ ಮಿನ್‌ಫ್ರೀ < 8%’ ಎಂಬ, ಅಂದರೆ ಕಾದಿಟ್ಟ ಜಾಗ 8%ಕ್ಕಿಂತ ಕಡಿಮೆಯಿದ್ದರೆ ಸಮಯಕ್ಕಲ್ಲ, ಜಾಗದ ಉಳಿತಾಯಕ್ಕೆ ಆದ್ಯತೆ ಕೊಡಬೇಕು ಎಂಬ ಇನ್ನೊಂದು ಸಾಲು ಬರುತ್ತದೆ. ಇದು ದೋಷವಲ್ಲ, ಸಲಹೆ. ಸಮಯಕ್ಕೆ ಆದ್ಯತೆಯಿದ್ದಾಗ, ಬೆಳೆಯುತ್ತಿರುವ ಫೈಲಿನ ಬಾಲಕ್ಕೆ ಕರ್ನಲ್ (ಸಿಸ್ಟಂನ ತಿರುಳು) ಇಡೀ ಬ್ಲಾಕನ್ನೇ ಒದಗಿಸಿ ಉಳಿದದ್ದನ್ನು ಬಿಟ್ಟುಕೊಡುತ್ತದೆ. ಜಾಗಕ್ಕೆ ಆದ್ಯತೆಯಿದ್ದಾಗ ಅಳತೆಗೆ ಸರಿಹೊಂದುವ ತುಣುಕುಗಳನ್ನು ಹುಡುಕಿ, ಫೈಲು ಬೆಳೆದಂತೆಲ್ಲ ದತ್ತಾಂಶವನ್ನು ಅಲ್ಲಿಂದಿಲ್ಲಿಗೆ ನಕಲಿಸಬೇಕಾಗುತ್ತದೆ. ಖಾಲಿ ಜಾಗ ಕಡಿಮೆಯಾದಷ್ಟೂ ಮೊದಲನೆಯ ಧಾರಾಳತನ ದುಬಾರಿಯಾಗುತ್ತದೆ ಎಂಬುದೇ ಆ ಸಾಲಿನ ಇಂಗಿತ. ಆದರೆ ಉಪಕರಣವು ಸಲಹೆ ಕೊಟ್ಟು ಸುಮ್ಮನಾಗುತ್ತದೆಯೇ ಹೊರತು ಆದ್ಯತೆಯನ್ನು ತಾನಾಗಿ ಬದಲಿಸುವುದಿಲ್ಲ. ಮಿಗಿಲಾಗಿ, 7ಕ್ಕೆ ಇಳಿಸಿದರೂ 5ಕ್ಕೆ ಇಳಿಸಿದರೂ ಸಾಲು ಅದೇ. 5% ಅಥವಾ ಅದಕ್ಕಿಂತ ಕಡಿಮೆಯಾದರೆ ಜಾಗದ ಆದ್ಯತೆಯೇ ಕಾಯಂ ಆಗಿ, ಬರವಣಿಗೆಯ ಹೊರೆ ಬಹಳ ಹೆಚ್ಚುತ್ತದೆ ಎಂಬ ನಿಜವಾದ ಎಚ್ಚರಿಕೆ ಕೈಪಿಡಿಯ ಪುಟದಲ್ಲಿದೆ, ಪರದೆಯ ಮೇಲಿಲ್ಲ. ಎಂ ಮತ್ತು ಆದ್ಯತೆಯನ್ನು ಆರಿಸುವ ಓ (-o) ಆಯ್ಕೆಗಳನ್ನು ಒಟ್ಟಿಗೇ ಕೊಟ್ಟು ಜಾಗವನ್ನೇ ಆರಿಸಿದರೂ ಸಲಹೆ ತಪ್ಪದು, ಏಕೆಂದರೆ ಎಂ ಲೆಕ್ಕ ಮೊದಲು ನಡೆಯುತ್ತದೆ. ಹೇಳಿದ್ದನ್ನು ಮಾಡಿದವರಿಗೂ ಮತ್ತೊಮ್ಮೆ ಹೇಳುವ ಚಾಳಿ ಇದು.

ಹೆಚ್ಚು ಮೋಸಹೋಗುವ ಜಾಗ ಬೇರೆಯೇ ಇದೆ. ಓದು-ಬರಹಕ್ಕೆ ಮೌಂಟ್ ಆಗಿರುವ, ಅಂದರೆ ಬಳಕೆಗೆ ಜೋಡಿಸಿರುವ ಫೈಲ್ ಸಿಸ್ಟಂ ಮೇಲೆ ಸಾಫ್ಟ್ ಅಪ್‌ಡೇಟ್ಸ್ (ಡಿಸ್ಕಿನ ಬರಹಗಳನ್ನು ಸುರಕ್ಷಿತ ಕ್ರಮದಲ್ಲಿಡುವ ಸೌಲಭ್ಯ) ಹಾಕಹೊರಟರೆ ಮೊದಲು ‘ಸಾಫ್ಟ್ ಅಪ್‌ಡೇಟ್ಸ್ ಸೆಟ್’ ಎಂದು ಬರುತ್ತದೆ, ಮರುಸಾಲಿನಲ್ಲಿ ‘ಫೇಲ್ಡ್ ಟು ರೈಟ್ ಸೂಪರ್‌ಬ್ಲಾಕ್’ ಎಂದು, ಅಂದರೆ ಫೈಲ್ ಸಿಸ್ಟಂನ ಗುಣಗಳನ್ನು ದಾಖಲಿಸುವ ಸೂಪರ್‌ಬ್ಲಾಕನ್ನು ಬರೆಯಲಾಗಲಿಲ್ಲ ಎಂದು. ಮೊದಲ ಸಾಲು ಮೆಮೊರಿಯಲ್ಲಿರುವ ಪ್ರತಿಗಷ್ಟೇ ಸಂಬಂಧಿಸಿದ್ದು. ಡಿಸ್ಕಿನಲ್ಲಿ ಏನೂ ಬದಲಾಗಿರುವುದಿಲ್ಲ. ಡಿಸ್ಕ್ ಕೆಟ್ಟಿದೆಯೆಂದು ಗಾಬರಿಪಡಬೇಕಿಲ್ಲ: ಅನ್‌ಮೌಂಟ್ ಮಾಡಿ, ರೂಟ್ (ಸಿಸ್ಟಂನ ಮೂಲ ಫೈಲ್ ಸಿಸ್ಟಂ) ಆಗಿದ್ದರೆ ದುರಸ್ತಿಗೆಂದಿರುವ ಸಿಂಗಲ್ ಯೂಸರ್ ಮೋಡ್‌ನಲ್ಲಿ, ಅದು ಇನ್ನೂ ಓದಿಗಷ್ಟೇ ಮೌಂಟ್ ಆಗಿರುವಾಗ ಪ್ರಯತ್ನಿಸಿದರೆ ಸಾಕು, ರೂಟ್ ವಿಷಯದಲ್ಲಿ ಆಮೇಲೆ ಯಂತ್ರವನ್ನು ರೀಬೂಟ್ ಮಾಡಬೇಕು.

ಇನ್ನು ಕೆಲವೊಮ್ಮೆ ಕಾಣುವ ‘ರಿಮೇನ್ಸ್ ಅನ್‌ಚೇಂಜ್ಡ್’ ಎಂಬುದು ಮೊದಲೇ ಹಾಗಿತ್ತು ಎಂಬ ವರದಿ ಮಾತ್ರ.

ಈಗಿನ ಸ್ಥಿತಿಯನ್ನು ತೋರಿಸುವ ಪಿ (-p) ಆಯ್ಕೆ ಈ ಉಪಕರಣದ ಅತ್ಯುತ್ತಮ ಭಾಗ. ಪ್ರತಿ ಗುಣದ ಪಕ್ಕದಲ್ಲಿ ಅದನ್ನು ಬದಲಿಸುವ ಅಕ್ಷರವನ್ನೂ ಮುದ್ರಿಸುತ್ತದೆ. ಆದರೆ ಕೇಳಿ ಪಡೆದ ಈ ಪಟ್ಟಿಯೂ ದೋಷಗಳಿಗೆಂದಿರುವ ಸ್ಟ್ಯಾಂಡರ್ಡ್ ಎರರ್ ಹಾದಿಯ ಮೂಲಕವೇ ಹೊರಬರುವುದರಿಂದ, ಸಾಲುಗಳನ್ನು ಸೋಸುವ ಗ್ರೆಪ್‌ಗೆ ನೇರವಾಗಿ ಪೈಪ್ ಮಾಡಿದರೆ (ಹಾಯಿಸಿದರೆ) ಅದು ಏನನ್ನೂ ಸೋಸದೆ ಇಡೀ ಪಟ್ಟಿ ಪರದೆಗೇ ಬಂದು ಬೀಳುತ್ತದೆ.