ಸಂಬಳದ ಫೈಲನ್ನು ಟ್ಯಾಲಿಗೆ ದಾಟಿಸಲು ಪವರ್ ಕ್ವೆರಿ: ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮದು ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆ. ಅರವತ್ತು ಚಿಲ್ಲರೆ ಜನ ಕೆಲಸಕ್ಕಿದ್ದಾರೆ. ಲೆಕ್ಕ ಬರೆಯುವುದು ಟ್ಯಾಲಿಯಲ್ಲಿ. ಹಾಜರಿ, ಸಂಬಳ ಬೇರೊಂದು ಪೇರೋಲ್ ಸಾಫ್ಟ್‌ವೇರ್‌ನಲ್ಲಿ, ಅದರ ಹೆಸರು ಇಲ್ಲಿ ಬೇಡ. ಎರಡೂ ತಮ್ಮ ತಮ್ಮ ಕೆಲಸ ಚೆನ್ನಾಗೇ ಮಾಡುತ್ತವೆ. ಆದರೆ ಒಂದಕ್ಕೊಂದು ಮಾತಿಲ್ಲ, ಜಗಳವಾಡಿದ ಓರಗಿತ್ತಿಯರ ಹಾಗೆ. ಪೇರೋಲ್ ಕೊಡುವುದು ಒಂದೇ ಒಂದು ಸಿಎಸ್‌ವಿ ಫೈಲು, ಅಂದರೆ ನಡುನಡುವೆ ಅಲ್ಪವಿರಾಮ ಹಾಕಿದ ಬರೀ ಟೆಕ್ಸ್ಟ್ ಪಟ್ಟಿ. ಟ್ಯಾಲಿಗೆ ವೋಚರ್ (ಲೆಕ್ಕದ ನಮೂದು), ಪಿಎಫ್‌ಗೆ (ಭವಿಷ್ಯನಿಧಿ) ಇಸಿಆರ್ ಅನ್ನುವ ತಿಂಗಳ ಲೆಕ್ಕದ ಫೈಲು, ಇಎಸ್‌ಐಗೆ (ನೌಕರರ ವಿಮೆ) ಎಕ್ಸೆಲ್ ಹಾಳೆ, ಫಾರಂ 16ಕ್ಕೆ (ಸಂಬಳದಲ್ಲಿ ಹಿಡಿದ ತೆರಿಗೆಯ ಪ್ರಮಾಣಪತ್ರ) ಬೇಕಾದ ವಿವರ, ಎಲ್ಲ ಅದರಿಂದಲೇ ಹೊರಡಬೇಕು. ಅವೆಲ್ಲ ತಾನಾಗೇ ಬರಬೇಕೆಂದರೆ ಬೇರೆ ಮಾಡ್ಯೂಲ್, ಬೇರೆ ದುಡ್ಡು. ನಮ್ಮ ಯಜಮಾನರು ಬೆಲೆ ಕೇಳಿ, "ಎಕ್ಸೆಲ್ ಇದೆಯಲ್ಲಪ್ಪಾ" ಅಂದರು.

ಮೊದಲೆರಡು ವರ್ಷ ಕಾಪಿ ಪೇಸ್ಟ್ ಮತ್ತು ವಿ-ಲುಕಪ್‌ನಲ್ಲೇ (ಒಂದು ಪಟ್ಟಿಯಲ್ಲಿ ಹುಡುಕಿ ಇನ್ನೊಂದಕ್ಕೆ ತರುವ ಎಕ್ಸೆಲ್ ಸೂತ್ರ) ಕಳೆಯಿತು. ನಮ್ಮಲ್ಲಿ ಮೂವರು ಮಂಜುನಾಥರಿದ್ದಾರೆ. ನಾನು ಹೆಸರಿನ ಮೇಲೆ ಹುಡುಕಿಸಿದ್ದೆ. ವಿ-ಲುಕಪ್ ಮೊದಲು ಸಿಕ್ಕಿದ ಮಂಜುನಾಥನ ಪಿಎಫ್ ವೇತನವನ್ನೇ ಮೂವರಿಗೂ ಹಾಕಿತು. ಎರಡು ತಿಂಗಳಾದ ಮೇಲೆ ಲೇತ್ ಮೇಲಿರುವ ಮಂಜುನಾಥ ಮೊಬೈಲ್ ಹಿಡಿದುಕೊಂಡು ಬಂದ. "ಸಾರ್, ಪಾಸ್‌ಬುಕ್‌ನಲ್ಲಿ ಕಮ್ಮಿ ಬಿದ್ದಿದೆ ನೋಡಿ" ಅಂದ. ತಪ್ಪು ನನ್ನದೇ. ಅವತ್ತೇ ಪವರ್ ಕ್ವೆರಿ ಕಲಿಯಲು ಕೂತೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಇದು ಬೇರೆ ಸಾಫ್ಟ್‌ವೇರ್ ಅಲ್ಲ. ಎಕ್ಸೆಲ್ 2016ರಿಂದ ಡೇಟಾ ಟ್ಯಾಬ್ ಒಳಗೇ ಇದೆ. ಫೈಲಿಗೆ ಏನೇನು ಮಾಡಬೇಕು ಅಂತ ಒಂದು ಸಲ ಮಾಡಿ ತೋರಿಸಿದರೆ ಅದು ಹಂತ ಹಂತವಾಗಿ ನೆನಪಿಟ್ಟುಕೊಳ್ಳುತ್ತದೆ. ಮುಂದಿನ ತಿಂಗಳು ಹೊಸ ಫೈಲು ಇಟ್ಟು ರಿಫ್ರೆಶ್ ಒತ್ತಿದರೆ ಸಾಕು. ಮೂಲ ಫೈಲನ್ನು ಮುಟ್ಟುವುದಿಲ್ಲ. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದೇ.

ಯಾಕೆಂದರೆ ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯುವುದೇ ಅರ್ಧ ಅನಾಹುತ. ಯುಎಎನ್, ಅಂದರೆ ಒಬ್ಬೊಬ್ಬ ನೌಕರನ ಪಿಎಫ್ ನಂಬರ್, 12 ಅಂಕಿಯದ್ದು. ಎಕ್ಸೆಲ್ ಅದನ್ನು ಸಂಖ್ಯೆ ಅಂದುಕೊಂಡು 1.01ಇ+11 ಎಂದು ತೋರಿಸುತ್ತದೆ. ಹಾಗೇ ಸೇವ್ ಮಾಡಿದರೆ ಫೈಲಿನಲ್ಲೂ ಅದೇ ಉಳಿಯುತ್ತದೆ, ನಿಜವಾದ ನಂಬರ್ ಹೋಯಿತು. ಬ್ಯಾಂಕ್ ಖಾತೆ 16 ಅಂಕಿಯದ್ದಾದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ನೌಕರರ ಕೋಡ್ 0042 ಇದ್ದದ್ದು ಬರೀ 42. ಪವರ್ ಕ್ವೆರಿಯೂ ಫೈಲು ತೆಗೆದುಕೊಂಡ ತಕ್ಷಣ ತಾನೇ ಊಹೆ ಮಾಡಿ 'ಚೇಂಜ್ಡ್ ಟೈಪ್' ಅನ್ನುವ ಹಂತ ಸೇರಿಸುತ್ತದೆ. ಆ ಹಂತವನ್ನು ಅಳಿಸಿ, ಯುಎಎನ್, ಖಾತೆ ನಂಬರ್, ಕೋಡ್ ಎಲ್ಲವನ್ನೂ ಟೆಕ್ಸ್ಟ್ ಮಾಡಿಬಿಡಿ. ಕೂಡುವ, ಕಳೆಯುವ ಕಾಲಂ ಮಾತ್ರ ಸಂಖ್ಯೆಯಾಗಿರಲಿ.

ಈಗ ಹೆಸರಿನ ಸಹವಾಸ ಬಿಟ್ಟು ಯುಎಎನ್ ಮೇಲೆ ಮರ್ಜ್ ಮಾಡುತ್ತೇನೆ, ಅಂದರೆ ಎರಡು ಪಟ್ಟಿಗಳನ್ನು ಹೊಂದಿಸಿ ಸೇರಿಸುತ್ತೇನೆ. ಮರ್ಜ್‌ನಲ್ಲಿ 'ಲೆಫ್ಟ್ ಆಂಟಿ' ಅನ್ನುವ ಒಂದು ಬಗೆ ಇದೆ. ಈ ಪಟ್ಟಿಯಲ್ಲಿದ್ದು ಆ ಪಟ್ಟಿಯಲ್ಲಿ ಇಲ್ಲದವರನ್ನು ಮಾತ್ರ ತೋರಿಸುತ್ತದೆ. ಹೊಸದಾಗಿ ಸೇರಿದವರು, ಯುಎಎನ್ ಇನ್ನೂ ಹಾಕದವರು ಎಲ್ಲ ಅಲ್ಲಿ ಸಿಕ್ಕಿಬೀಳುತ್ತಾರೆ. ಆ ಹಾಳೆ ಖಾಲಿ ಇದ್ದರೆ ಮಾತ್ರ ನಾನು ಮುಂದಕ್ಕೆ ಹೋಗುವುದು.

ಇಸಿಆರ್ ಅಂದರೆ ಬರೀ ಟೆಕ್ಸ್ಟ್ ಫೈಲು. ಒಬ್ಬರಿಗೆ ಒಂದು ಸಾಲು, ಸಾಲಿಗೆ 11 ವಿವರ, ನಡುವೆ #~# ಚಿಹ್ನೆ. ಪಿಎಫ್ ವೇತನ 15,000 ಇರುವವರ ಸಾಲಿನಲ್ಲಿ ಯುಎಎನ್, ಹೆಸರು ಆದಮೇಲೆ ಹೀಗೆ ಬರುತ್ತದೆ:

15000#~#15000#~#15000#~#15000#~#1800#~#1250#~#550#~#0#~#0

ನೌಕರನ ಪಾಲು 1,800. ಮಾಲೀಕರ ಪಾಲಿನಲ್ಲಿ 1,250 ಪಿಂಚಣಿಗೆ, ಉಳಿದ 550 ಪಿಎಫ್‌ಗೆ. ಕಾಲಂಗಳನ್ನು ಇದೇ ಕ್ರಮಕ್ಕೆ ತಂದು 'ಮರ್ಜ್ ಕಾಲಮ್ಸ್'ನಲ್ಲಿ ಆ ಚಿಹ್ನೆ ಕೊಟ್ಟರೆ ಸಾಲು ತಯಾರು. ಟೆಕ್ಸ್ಟ್ ಫೈಲನ್ನು ಪವರ್ ಕ್ವೆರಿ ನೇರವಾಗಿ ಬರೆದುಕೊಡುವುದಿಲ್ಲ. ಹಾಳೆಯಿಂದ ನೋಟ್‌ಪ್ಯಾಡ್‌ಗೆ ಕಾಪಿ ಮಾಡಬೇಕು. ಇಷ್ಟು ವರ್ಷವಾದರೂ ಇದು ಸ್ವಲ್ಪ ಕಿರಿಕಿರಿಯೇ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಒಂದು ರೂಪಾಯಿ. ದಿನಗೂಲಿ 613 ಇದ್ದವರಿಗೆ ಅರ್ಧ ದಿನಕ್ಕೆ 306.50. ಪೇ ಸ್ಲಿಪ್‌ನಲ್ಲಿ 307 ಬರುತ್ತದೆ, ಎಕ್ಸೆಲ್‌ನ ರೌಂಡ್ ಸೂತ್ರವೂ 307 ಅನ್ನುತ್ತದೆ. ಪವರ್ ಕ್ವೆರಿ 306 ಅಂದಿತು. ಮುಂದಿನ ಸಾಲಿನಲ್ಲಿ 307.50 ಇದ್ದದ್ದು ಸರಿಯಾಗಿ 308 ಆಗಿತ್ತು! ಒಂದು ಕಡೆ ಸರಿ, ಒಂದು ಕಡೆ ತಪ್ಪು. ವೋಚರ್‌ನ ಎರಡು ಕಡೆಯೂ ಕೂಡಿಬರದೆ ರಾತ್ರಿ ಎಂಟರ ತನಕ ಆಫೀಸಿನಲ್ಲೇ ಕೂತಿದ್ದೆ. ಆಮೇಲೆ ಗೊತ್ತಾಯಿತು, ಸರಿಯಾಗಿ ಅರ್ಧ ಬಂದಾಗ ಅದು ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಅದರ ಪದ್ಧತಿಯೇ ಹಾಗೆ. ಸೂತ್ರದ ಕೊನೆಗೆ 'ರೌಂಡಿಂಗ್‌ಮೋಡ್.ಅವೇಫ್ರಮ್‌ಝೀರೋ' ಎಂದು ಸೇರಿಸಿದರೆ ನಮ್ಮ ಲೆಕ್ಕಕ್ಕೆ ಸರಿಹೋಗುತ್ತದೆ. ಇಎಸ್‌ಐಗೆ ಇದೂ ಬೇಡ. ಅಲ್ಲಿ ಪೈಸೆ ಬಂದರೆ ಯಾವಾಗಲೂ ಮೇಲಿನ ರೂಪಾಯಿಗೇ ಏರಿಸಬೇಕು. 14,870ಕ್ಕೆ 0.75% ಅಂದರೆ 111.53, ಕಟ್ಟುವುದು 112. ಅದಕ್ಕೆ 'ರೌಂಡ್‌ಅಪ್' ಇದೆ.

ಇನ್ನೊಂದು ಸಲ ಎಡವಿದ್ದು ಆಯುಧಪೂಜೆ ಹೊತ್ತಿಗೆ. ಪೇರೋಲ್‌ನವರು ಸಿಎಸ್‌ವಿ ಕೊನೆಗೆ ಬೋನಸ್ ಅಂತ ಹೊಸ ಕಾಲಂ ಸೇರಿಸಿದ್ದರು. ನನ್ನ ಹಾಳೆಯಲ್ಲಿ ಬೋನಸ್ಸೇ ಇಲ್ಲ. ಎರರ್ ಕೂಡ ಇಲ್ಲ. ಕ್ವೆರಿಯ ಮೊದಲ ಹಂತದಲ್ಲೇ 'ಕಾಲಮ್ಸ್=24' ಎಂದು ಬರೆದಿರುತ್ತದೆ, 25ನೆಯದನ್ನು ಅದು ನೋಡುವುದೇ ಇಲ್ಲ. ಮೊದಲೇ ಓದಿಕೊಳ್ಳಬೇಕಿತ್ತು. ಆ ತುಂಡನ್ನು ಅಳಿಸಿದರೆ ಸಮಸ್ಯೆ ಹೋಯಿತು. ಕಾಲಂ ಹೆಸರು ಬದಲಾದರೆ ಮಾತ್ರ ಎರರ್ ಕೊಟ್ಟು ನಿಲ್ಲುತ್ತದೆ. ಅದು ಒಳ್ಳೆಯದೇ, ಸುಮ್ನೆ ತಪ್ಪು ಲೆಕ್ಕ ಕೊಡುವುದಕ್ಕಿಂತ.

ಟ್ಯಾಲಿ ಕಡೆ ಮೊದಲು ಎಕ್ಸ್‌ಎಂಎಲ್ ಅನ್ನುವ ಬಗೆಯ ಫೈಲು ಮಾಡಿಕೊಂಡು ಇಂಪೋರ್ಟ್ ಮಾಡುತ್ತಿದ್ದೆ. ಟ್ಯಾಲಿಪ್ರೈಮ್ 4.0 ಬಂದ ಮೇಲೆ ಎಕ್ಸೆಲ್‌ನಿಂದಲೇ ವೋಚರ್ ತೆಗೆದುಕೊಳ್ಳುತ್ತದೆ, ಕೆಲಸ ಹಗುರವಾಯಿತು. ಲೆಡ್ಜರ್ (ಲೆಕ್ಕದ ಖಾತೆ) ಹೆಸರು ಹೊಂದಿಸಲು ಎರಡು ಕಾಲಂನ ಒಂದು ಪಟ್ಟಿ ಇಟ್ಟಿದ್ದೇನೆ, ಪೇರೋಲ್‌ನಲ್ಲಿ ಏನಂತಾರೆ, ಟ್ಯಾಲಿಯಲ್ಲಿ ಏನಂತಾರೆ ಅಂತ. ವೃತ್ತಿ ತೆರಿಗೆಗೂ ಇಂಥದ್ದೇ ಚಿಕ್ಕ ಪಟ್ಟಿ. 25,000 ಮತ್ತು ಅದಕ್ಕೂ ಮೇಲಿನವರಿಗೆ ತಿಂಗಳಿಗೆ 200 ಇದ್ದದ್ದು, ಫೆಬ್ರವರಿಗೆ ಮಾತ್ರ 300 ಎಂದು ಬದಲಾದಾಗ ಆ ಪಟ್ಟಿಗೆ ಒಂದು ಸಾಲು ಸೇರಿಸಿದೆ, ಅಷ್ಟೇ.

ಫಾರಂ 16 ಕೊಡುವ ಕಾಲದಲ್ಲಿ ಇದರ ಬೆಲೆ ನಿಜವಾಗಿ ಗೊತ್ತಾಗುತ್ತದೆ. ಫಾರಂ 16 ಇಳಿಸಿಕೊಳ್ಳುವುದು ಆದಾಯ ತೆರಿಗೆಯವರ ಟ್ರೇಸಸ್ ಜಾಲತಾಣದಿಂದ. ಆದರೆ ಅಲ್ಲಿ ಬರುವುದು ನಾವು 24ಕ್ಯೂನಲ್ಲಿ, ಅಂದರೆ ಸಂಬಳದಲ್ಲಿ ಹಿಡಿದ ತೆರಿಗೆಯ ಮೂರು ತಿಂಗಳ ವಿವರಪಟ್ಟಿಯಲ್ಲಿ, ಕೊಟ್ಟದ್ದೇ. ನಾಲ್ಕನೇ ತ್ರೈಮಾಸಿಕದ 24ಕ್ಯೂಗೆ ಅನೆಕ್ಷರ್ 2 ತುಂಬಬೇಕು, ಒಬ್ಬೊಬ್ಬರ ಇಡೀ ವರ್ಷದ ಸಂಬಳ, ಕಡಿತ, ತೆರಿಗೆ ಎಲ್ಲ. ಹನ್ನೆರಡು ತಿಂಗಳ ಫೈಲನ್ನು ಒಂದು ಫೋಲ್ಡರ್‌ಗೆ ಹಾಕಿ 'ಫ್ರಮ್ ಫೋಲ್ಡರ್' ಕೊಟ್ಟರೆ ಎಲ್ಲ ಸೇರಿ ಒಂದೇ ಪಟ್ಟಿ. ಪ್ಯಾನ್ ಮೇಲೆ ಗ್ರೂಪ್ ಮಾಡಿದರೆ ವರ್ಷದ ಮೊತ್ತ. ಮೊದಲು ಮೂರು ದಿನ ಹಿಡಿಯುತ್ತಿದ್ದ ಕೆಲಸ ಈಗ ಒಂದು ಬೆಳಿಗ್ಗೆಗೆ ಮುಗಿಯುತ್ತದೆ. ನಡುವರ್ಷ ಸೇರಿದವರ ಹಳೆಯ ಕಂಪನಿಯ ಸಂಬಳವನ್ನು ಮಾತ್ರ ಫಾರಂ 12ಬಿ ನೋಡಿಕೊಂಡು ಕೈಯಾರೆ ಹಾಕುತ್ತೇನೆ.

ಕನ್ನಡದ ವಿಷಯ ಹೇಳಲೇಬೇಕು. ಪೇರೋಲ್‌ನಲ್ಲಿ ಹೆಸರು ಕನ್ನಡದಲ್ಲೂ ಇದೆ. ಡಬಲ್ ಕ್ಲಿಕ್ ಮಾಡಿದರೆ ಚಿತ್ರವಿಚಿತ್ರ ಅಕ್ಷರ. ಪವರ್ ಕ್ವೆರಿಯಲ್ಲಿ ಫೈಲ್ ಒರಿಜಿನ್ '65001 ಯೂನಿಕೋಡ್' ಎಂದು ಆರಿಸಿದರೆ ಒತ್ತು, ದೀರ್ಘ ಎಲ್ಲ ಸರಿಯಾಗಿ ಬರುತ್ತದೆ. ಆದರೆ ನಮ್ಮ ಹಳೆಯ ಹಾಜರಿ ಪುಸ್ತಕ ಯೂನಿಕೋಡ್ ಅಲ್ಲದ ನುಡಿ ಫಾಂಟ್‌ನಲ್ಲಿತ್ತು. ಅದಕ್ಕೆ ಇಲ್ಲಿ ಮದ್ದಿಲ್ಲ. ಮೊದಲು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಬೇಕು, ಆಮೇಲೂ ಒಂದೊಂದು ಹೆಸರು ಕಣ್ಣಿಟ್ಟು ನೋಡಬೇಕು.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಹತ್ತು ಜನರ ಅಂಗಡಿಯಾದರೆ ಇದು ಬೇಡ, ಕೈಯಲ್ಲೇ ಬೇಗ ಆಗುತ್ತದೆ. ಮೂವತ್ತು ದಾಟಿದರೆ ಕಲಿಯಿರಿ, ಎರಡು ಭಾನುವಾರ ಸಾಕು. ಫೈಲಿನ ದಾರಿ (ಯಾವ ಫೋಲ್ಡರ್‌ನಲ್ಲಿದೆ ಅಂತ) ಕ್ವೆರಿಯೊಳಗೆ ಬರೆದುಕೊಂಡಿರುತ್ತದೆ, ಕಂಪ್ಯೂಟರ್ ಬದಲಿಸುವ ಮೊದಲು ನೆನಪಿರಲಿ. ನಾನಂತೂ ಪ್ರತಿ ತಿಂಗಳು 15ನೇ ತಾರೀಕಿಗೆ ಮೊದಲು ಪೇರೋಲ್‌ನ ಒಟ್ಟು, ಹಾಳೆಯ ಒಟ್ಟು, ಟ್ಯಾಲಿಯ ಒಟ್ಟು, ಮೂರನ್ನೂ ಒಂದು ಕಾಗದದ ಮೇಲೆ ಬರೆದು ಕೆಂಪು ಪೆನ್ನಿನಲ್ಲಿ ಟಿಕ್ ಹಾಕಿದ ಮೇಲೇ ಅಪ್‌ಲೋಡ್ ಮಾಡುವುದು. ಮೂವರು ಮಂಜುನಾಥರ ಸಾಲನ್ನು ಇವತ್ತಿಗೂ ಬೇರೆಯಾಗಿ ನೋಡುತ್ತೇನೆ.