ಕೊರೊನಾ ಕಾಲದ ಎಂಡೋಸ್ಕೋಪಿ: ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೋ, ಗದಗಿನ ಸಣ್ಣ ಕ್ಲಿನಿಕ್ಕೋ?

ಜಠರದ ಹುಣ್ಣಿಗೆ ಲಾಕ್‌ಡೌನ್ ಗೊತ್ತಿಲ್ಲ. ಹುಣ್ಣು ಕಂಡ ಮೇಲೆ ಔಷಧಿ ಮುಗಿಸಿ, 8ರಿಂದ 12 ವಾರಗಳ ಬಳಿಕ ಮತ್ತೊಮ್ಮೆ ಎಂಡೋಸ್ಕೋಪಿ ಮಾಡಿ, ಅಂದರೆ ಬಾಯಿಯ ಮೂಲಕ ಕ್ಯಾಮೆರಾ ಇರುವ ನಳಿಕೆ ಇಳಿಸಿ, ಅದು ಮಾಯಿದೆಯೇ ಎಂದು ನೋಡುವುದು ವೈದ್ಯರ ವಾಡಿಕೆ. ನನ್ನ ಮೊದಲ ಎಂಡೋಸ್ಕೋಪಿ 2020ರಲ್ಲಿ ಹುಬ್ಬಳ್ಳಿಯ ದೊಡ್ಡ ಖಾಸಗಿ ಆಸ್ಪತ್ರೆಯೊಂದರಲ್ಲಿ ನಡೆಯಿತು, ಮರುಪರೀಕ್ಷೆ ಗದಗಿನ ಒಂದೇ ವೈದ್ಯರ ಕ್ಲಿನಿಕ್ಕಿನಲ್ಲಿ. ನಡುವೆ ನಳಿಕೆಯ ಗೊಡವೆಯೇ ಬೇಡವೆಂದು ಮಲದ ಪರೀಕ್ಷೆಯನ್ನೂ ಮಾಡಿಸಿದೆ. ಯಾವುದರಲ್ಲಿ ಸೋಂಕಿನ ಭಯ ಕಡಿಮೆ ಎಂದು ಪರಿಚಯದವರು ಈಗಲೂ ಕೇಳುವುದುಂಟು.

ಎಲ್ಲರೂ ಮೊದಲು ಕೇಳುವುದು ನಳಿಕೆಯ ಬಗ್ಗೆ: ಇನ್ನೊಬ್ಬರ ಹೊಟ್ಟೆಗೆ ಹೋಗಿ ಬಂದದ್ದಲ್ಲವೇ ಎಂದು. ಕೊರೊನಾ ವೈರಾಣುವಿನ ಮಟ್ಟಿಗೆ ಆ ಭಯಕ್ಕೆ ಹೆಚ್ಚು ಆಧಾರವಿಲ್ಲ. ಕೊಬ್ಬಿನ ಹೊದಿಕೆಯುಳ್ಳ ಈ ವೈರಾಣು, ನಳಿಕೆ ಶುಚಿಗೊಳಿಸುವ ಗ್ಲುಟರಾಲ್ಡಿಹೈಡ್‌ನಂತಹ ದ್ರಾವಣಕ್ಕೆ ಸುಲಭವಾಗಿ ಸಾಯುತ್ತದೆ. ಕ್ಷಯದ ರೋಗಾಣುವಿನಂಥವು ಇದಕ್ಕಿಂತ ಎಷ್ಟೋ ಗಟ್ಟಿ. ಅಪಾಯವಿದ್ದದ್ದು ಕೋಣೆಯ ಗಾಳಿಯಲ್ಲಿ. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದ ಕೂಡಲೇ ಕೆಮ್ಮು ಬರುತ್ತದೆ, ನಳಿಕೆ ಇಳಿಯುವಾಗ ವಾಕರಿಕೆ, ಒಳಗೆ ಗಾಳಿ ತುಂಬಿದಾಗ ತೇಗು. ಎಲ್ಲರೂ ಮಾಸ್ಕ್ ಹಾಕಿಕೊಂಡ ಕೋಣೆಯಲ್ಲಿ ಬಾಯಿ ತೆರೆದು ಮಲಗಿದವರು ರೋಗಿಯೊಬ್ಬರೇ. ನಿಮಗಿಂತ ಮುಂಚೆ ಅದೇ ಮಂಚದ ಮೇಲೆ ಕೆಮ್ಮಿದವರ ಉಸಿರು ಹೊರಗೆ ಹೋಗಿದೆಯೇ ಎಂಬುದು ನಿಜವಾದ ಪ್ರಶ್ನೆ. ಗಂಟೆಗೆ 12 ಬಾರಿ ಗಾಳಿ ಬದಲಾಗುವ ಕೋಣೆಯಲ್ಲಿ ಶೇ. 99ರಷ್ಟು ಕಣಗಳು ಹೊರಹೋಗಲು ಸುಮಾರು 23 ನಿಮಿಷ ಬೇಕು. 6 ಬಾರಿ ಬದಲಾದರೆ 46 ನಿಮಿಷ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕಾಗದ ಪತ್ರವೆಲ್ಲ ಅಚ್ಚುಕಟ್ಟು. ಮೊದಲೇ ಆರ್‌ಟಿ-ಪಿಸಿಆರ್ ವರದಿ ತರಬೇಕು, ಬಾಗಿಲಲ್ಲಿ ಹಣೆಗೆ ಥರ್ಮಾಮೀಟರ್, ಒಳಗೆ ಪಿಪಿಇ ತೊಟ್ಟ ಸಿಬ್ಬಂದಿ. ನಳಿಕೆ ತೊಳೆಯಲು ಯಂತ್ರವೇ ಇತ್ತು. ಆದರೆ ಕಾಯುವ ಹಾಲ್ ಮಾತ್ರ ಸಂತೆ. ಊರಿನ ದೊಡ್ಡ ಸರ್ಕಾರಿ ಆಸ್ಪತ್ರೆಯಾದ ಕಿಮ್ಸ್ ಆಗ ಕೋವಿಡ್ ಚಿಕಿತ್ಸೆಯ ಹೊರೆ ಹೊತ್ತಿದ್ದರಿಂದ ಬೇರೆ ಕಾಯಿಲೆಯವರಲ್ಲಿ ಅನೇಕರು ಖಾಸಗಿ ಆಸ್ಪತ್ರೆಗಳ ಕದ ತಟ್ಟುತ್ತಿದ್ದರು. ಹಾವೇರಿ, ಕೊಪ್ಪಳದ ಕಡೆಯಿಂದ ಬಂದ ಒಬ್ಬ ರೋಗಿಯ ಹಿಂದೆ ಮೂವರು ಸಂಬಂಧಿಕರು. ರೋಗಿಯ ಮೂಗಿನ ದ್ರವ ಪರೀಕ್ಷೆ ಆಗಿತ್ತು, ಜೊತೆಗೆ ಬಂದವರದ್ದು ಯಾರದೂ ಆಗಿರಲಿಲ್ಲ. ಸ್ಕ್ಯಾನಿಂಗ್, ರಕ್ತಪರೀಕ್ಷೆ, ಬಿಲ್ ಕೌಂಟರ್ ಎಲ್ಲಕ್ಕೂ ಒಂದೇ ಲಿಫ್ಟ್, ಎಸಿ ಇದ್ದುದರಿಂದ ಕಿಟಕಿಗಳು ಭದ್ರ. ಒಬ್ಬರ ಗಾಲಿಮಂಚ ಹೊರಬರುತ್ತಿದ್ದಂತೆ ಮುಂದಿನವರನ್ನು ಒಳಗೆ ಕರೆಯುತ್ತಿದ್ದರು. ನಳಿಕೆಗಳು ಸಾಕಷ್ಟಿದ್ದುದರಿಂದ ತಡೆದು ನಿಲ್ಲಿಸುವ ಕಾರಣವೇ ಅವರಿಗಿರಲಿಲ್ಲ.

ಗದಗಿನ ಕ್ಲಿನಿಕ್ಕಿನಲ್ಲಿ ಇದ್ದದ್ದು ಒಂದೇ ನಳಿಕೆ. ಆ ಬಡತನವೇ ಅಲ್ಲಿನ ರಕ್ಷಣೆಯಾಯಿತು. ಒಬ್ಬರದು ಮುಗಿದ ಮೇಲೆ ಅದನ್ನು ಕೈಯಲ್ಲೇ ತೊಳೆದು, ದ್ರಾವಣದಲ್ಲಿ ಅದ್ದಿ, ಒಣಗಿಸುವವರೆಗೆ ಮುಂದಿನವರನ್ನು ಕರೆಯುವ ಹಾಗೇ ಇರಲಿಲ್ಲ. ಅಷ್ಟು ಹೊತ್ತೂ ಎದುರುಬದುರು ಕಿಟಕಿಗಳು ತೆರೆದಿದ್ದವು, ಎಕ್ಸಾಸ್ಟ್ ಫ್ಯಾನ್ ಓಡುತ್ತಿತ್ತು. ಪಾಳಿಗಾಗಿ ಒಳಗೆ ಕೂರುವ ಪ್ರಶ್ನೆಯಿಲ್ಲ. ಹೊರಗೆ ಬೇವಿನ ಮರದಡಿ ನಿಂತಿರಿ, ಮೊಬೈಲ್‌ಗೆ ಕರೆ ಮಾಡುತ್ತೇವೆ ಎಂದರು.

ಹೇಗೆ ತೊಳೆಯುತ್ತೀರಿ ಎಂದು ನಾನು ಕೇಳಿಯೇಬಿಟ್ಟೆ. ದೊಡ್ಡ ಆಸ್ಪತ್ರೆಯಲ್ಲಿ ಈ ಪ್ರಶ್ನೆಗೆ ಸಿಕ್ಕಿದ್ದು ಒಂದು ನಗೆ. ಇಲ್ಲಿ ನರ್ಸ್ ಕರೆದೊಯ್ದು ತೋರಿಸಿದರು. ನಳಿಕೆಯ ಒಳದಾರಿಗೆ ಉದ್ದನೆಯ ತೆಳು ಬ್ರಷ್ ತೂರಿಸಿ, ಅದರ ತುದಿ ಆಚೆಗೆ ಬಂದಾಗ ಕೂದಲುಗಳನ್ನು ಉಜ್ಜಿ ತೊಳೆದು ಮತ್ತೆ ಹಿಂದಕ್ಕೆ ಎಳೆದರು. ನಂತರ ಮುಚ್ಚಳವಿರುವ ತಟ್ಟೆಯಲ್ಲಿ ಗ್ಲುಟರಾಲ್ಡಿಹೈಡ್, 20 ನಿಮಿಷದ ಗಡಿಯಾರ. ಮುಚ್ಚಳದ ಮೇಲೆ ಅಂಟಿಸಿದ ಬಿಳಿ ಪ್ಲಾಸ್ಟರಿನಲ್ಲಿ ದ್ರಾವಣ ಬೆರೆಸಿದ ತಾರೀಖು, ಚೆಲ್ಲಬೇಕಾದ ತಾರೀಖು ಎರಡೂ ಪೆನ್ನಿನಲ್ಲಿ ಬರೆದಿದ್ದವು. ದ್ರಾವಣದ ಶಕ್ತಿ ಉಳಿದಿದೆಯೇ ಎಂದು ನೋಡಲು ಬಣ್ಣ ಬದಲಾಗುವ ಪಟ್ಟಿಯನ್ನೂ ಅದ್ದಿದರು. ಕೊರತೆ ಇರಲಿಲ್ಲವೆಂದಲ್ಲ. ಆರ್‌ಟಿ-ಪಿಸಿಆರ್ ಕೇಳಲಿಲ್ಲ, ಜ್ವರವಿದೆಯೇ, ವಾಸನೆ ತಿಳಿಯುತ್ತಿದೆಯೇ ಎಂಬ ವಿಚಾರಣೆ ಅಷ್ಟೇ. ರೋಗಲಕ್ಷಣವಿಲ್ಲದವರೂ ಸೋಂಕು ಹರಡುತ್ತಾರೆ ಎಂದು ಗೊತ್ತಿದ್ದ ಕಾಲದಲ್ಲಿ ಅದು ಸಾಲದು.

ಇನ್ನು ಮಲದ ಪರೀಕ್ಷೆ. ಡಬ್ಬಿಯಲ್ಲಿ ಮಾದರಿ ಕೊಟ್ಟು ಬಂದರೆ ಮುಗಿಯಿತು. ಸೋಂಕಿನ ಭಯ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದು ಹೇಳುವುದು ಹುಣ್ಣಿಗೆ ಕಾರಣವಾಗುವ ಎಚ್. ಪೈಲೋರಿ ಬ್ಯಾಕ್ಟೀರಿಯಾ ಇದೆಯೋ ಹೋಯಿತೋ ಎಂಬುದನ್ನಷ್ಟೇ. ಹುಣ್ಣು ಮಾಯಿತೇ, ಅದರ ಅಂಚಿನಲ್ಲಿ ಬೇರೇನಾದರೂ ಇದೆಯೇ ಎಂಬುದು ಡಬ್ಬಿಗೆ ಗೊತ್ತಾಗದು. ಫಲಿತಾಂಶ ನಂಬಬೇಕಾದರೆ ಆ್ಯಂಟಿಬಯಾಟಿಕ್ ಮುಗಿದು 4 ವಾರವಾಗಿರಬೇಕು, ಆಮ್ಲ ತಗ್ಗಿಸುವ ಮಾತ್ರೆಯನ್ನು 2 ವಾರ ನಿಲ್ಲಿಸಿರಬೇಕು. ಮಾತ್ರೆಯಿಲ್ಲದ ಆ ದಿನಗಳಲ್ಲಿ ಸಂಜೆಯ ಗದಗಿನಲ್ಲಿ ಮಿರ್ಚಿ ಕರಿಯುವ ವಾಸನೆ ದಾಟಿ ಮನೆ ಸೇರುವುದು ದೊಡ್ಡ ತಪಸ್ಸು. ಉಸಿರಿನ ಪರೀಕ್ಷೆಯೂ ಉಂಟು, ಆದರೆ ಆ ದಿನಗಳಲ್ಲಿ ಲ್ಯಾಬಿನಲ್ಲಿ ಮಾಸ್ಕ್ ತೆಗೆದು ಚೀಲಕ್ಕೆ ಊದಲು ನನಗೆ ಮನಸ್ಸಾಗಲಿಲ್ಲ.

ಒಟ್ಟಾರೆ ಭಯವನ್ನು ಅಳತೆ ಮೀರಿ ಬೆಳೆಸಬಾರದು. ಮೊದಲ ಅಲೆಯ ಹೊಡೆತ ತಿಂದ ಉತ್ತರ ಇಟಲಿಯಲ್ಲಿ ಎಂಡೋಸ್ಕೋಪಿ ಮಾಡಿಸಿಕೊಂಡವರನ್ನು ವಿಚಾರಿಸಿ ನೋಡಿದಾಗ, ಬಳಿಕ ಸೋಂಕು ಕಾಣಿಸಿದವರು ತೀರಾ ವಿರಳ. ಸಿಬ್ಬಂದಿಗೇ ಹೆಚ್ಚು ತಗುಲಿತ್ತು, ಅದೂ ಬಹುಪಾಲು ಮುನ್ನೆಚ್ಚರಿಕೆಗಳು ಜಾರಿಗೆ ಬರುವ ಮೊದಲು. ಆದ್ದರಿಂದ ಮುಂದೂಡಬಹುದಾದ ತಪಾಸಣೆಗೆ ನನ್ನ ಆಯ್ಕೆ ಗದಗಿನ ಕ್ಲಿನಿಕ್ಕೇ. ಫೋನಿನಲ್ಲಿ ಇಷ್ಟು ಕೇಳಿಕೊಳ್ಳಿ: ಇಬ್ಬರು ರೋಗಿಗಳ ನಡುವೆ ಎಷ್ಟು ಹೊತ್ತು ಬಿಡುತ್ತೀರಿ, ಕೋಣೆಗೆ ಕಿಟಕಿ ಇದೆಯೇ, ಎಲ್ಲಿ ಕಾಯಬೇಕು. ಗ್ರಾನೈಟ್ ನೆಲ, ಸಮವಸ್ತ್ರದ ಕಾವಲುಗಾರ ಇವು ಸೋಂಕಿನ ಲೆಕ್ಕಕ್ಕೆ ಬರುವುದಿಲ್ಲ.

ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ನುಂಗಲು ಕಷ್ಟವಾಗಿ ತೂಕ ಇಳಿಯುತ್ತಿದ್ದರೆ ಈ ಹೋಲಿಕೆಯನ್ನೆಲ್ಲ ಬದಿಗಿಡಿ. ಗದಗಿನ ವೈದ್ಯರೇ ನನಗೆ ಮೊದಲೇ ಹೇಳಿದ್ದರು: ಒಳಗೆ ರಕ್ತ ಸುರಿಯುವುದು ಕಂಡರೆ ನಾನು ಕೈಹಾಕುವುದಿಲ್ಲ, ಕ್ಲಿಪ್ ಹಾಕುವ ಸಲಕರಣೆ, ರಕ್ತನಿಧಿ, ಐಸಿಯು ಇರುವ ಹುಬ್ಬಳ್ಳಿಗೆ ಆಂಬುಲೆನ್ಸ್‌ನಲ್ಲಿ ಕಳಿಸುತ್ತೇನೆ.